ಸೂತಕದ ಮನೆಯಲ್ಲಿ ಮಾತಾಡುವ ಪೆಟ್ಟಿಗೆ

ಶಾಂತಾರಾಮ ಮಾಸ್ತರರು ತೀರಿಕೊಂಡ ಸುದ್ದಿ ಅಂಕೋಲೆಯ ಮನೆಗೆ ಬಂದಾಗ ಅವರ ಮಗಳು ವೈಜಯಂತಿಯ ಕಂಪ್ಯೂಟರ್ ಮಾತಾಡುತ್ತಿತ್ತು.

"ಎಂಬತ್ತೊಂದು ಪ್ರತಿಶತ," ಎಂದಿತು ಅದು.

ವೈಜಯಂತಿಗೆ ಹುಟ್ಟಿನಿಂದ ಕಣ್ಣು ಕಾಣದು. ಪರದೆಯ ಮೇಲಿನದನ್ನೆಲ್ಲ ಯಂತ್ರವೇ ಓದಿ ಹೇಳಬೇಕು. ಲಿನಕ್ಸ್ ತಂತ್ರಾಂಶ ಹಾಕಿದ ಹಳೆಯ ಕಂಪ್ಯೂಟರ್ ಅದು. ಅದರ ಕನ್ನಡವೋ, ನೆಗಡಿಯಾದ ಬಸ್ ಕಂಡಕ್ಟರನದು! ಅಂದು ಅದು ಅಪ್‌ಡೇಟ್ ಆಗುತ್ತಿತ್ತು. ಎಷ್ಟು ಮುಗಿಯಿತೆಂದು ಆಗಾಗ ಸಾರುತ್ತಿತ್ತು.

ಬಾಗಿಲಲ್ಲಿ ಯಾರದೋ ಏದುಸಿರು ಕೇಳಿಸಿತು.

"ಯಾರು?"

"ನಾನು... ನಿತೇಶ. ಕಾರವಾರದ ಕಂಪ್ಯೂಟರ್ ಅಂಗಡಿಯವ. ಮಾಸ್ತರು ಸ್ಪೀಕರ್ ತಕಂಬೂಕೆ ನಮ್ಮಲ್ಲಿಗೆ ಬಂದಿದ್ರು. ಕೂತಲ್ಲೇ..."

"ಎಂಬತ್ತೆರಡು ಪ್ರತಿಶತ."

"ಕೂತಲ್ಲೇ ಎಂತಾಯ್ತು?"

"ಆಸ್ಪತ್ರೆಗೆ ಒಯ್ದ್ವಿ. ಡಾಕ್ಟರು ಕೈ ಬಿಟ್ರು. ಫೋನಲ್ಲಿ ಹೇಳೂಕೆ ಬಾಯಿ ಬರ್ಲಿಲ್ಲ. ಅದ್ಕೇ..."

"ಎಂಬತ್ತಮೂರು ಪ್ರತಿಶತ."

ಒಳಗಿನಿಂದ ಮಾಸ್ತರರ ತಂಗಿ ಗಂಗೂ ಅತ್ತೆ ಓಡಿ ಬಂದಳು. "ಅಣ್ಣಾ!" ಎಂದು ಚೀರಿದವಳೇ ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತಳು.

"ಸಾವಿನ ಮನೆಲಿ ಇದ್ರದ್ದೊಂದು ಲೆಕ್ಕ!"

ಯಂತ್ರದ ದನಿ ನಿಂತಿತು. ಆಸರೆಗೆಂದು ವೈಜಯಂತಿ ಕೈ ಚಾಚಿದಳು. ಕೈಗೆ ಸಿಕ್ಕಿದ್ದು ಆ ಅಪರಿಚಿತನ ತೋಳು.

ದಹನ ಮುಗಿದು ಉತ್ತರಕ್ರಿಯೆಗಳು ಶುರುವಾದವು. ಪ್ಲಗ್ ಹಾಕಿದರೆ ಯಂತ್ರ ಎದ್ದಿತು, ಆದರೆ ಮೂಕವಾಗಿ. ಅಪ್‌ಡೇಟ್ ಅರ್ಧಕ್ಕೆ ನಿಂತು, ಸೌಂಡ್ ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಕೆಟ್ಟಿತ್ತು.

ಕಣ್ಣು ಕಾಣದ ಮಕ್ಕಳ ಪಾಠಪುಸ್ತಕ ತಿದ್ದುವ ಕೆಲಸ ವೈಜಯಂತಿಗೆ ಆಗಷ್ಟೇ ಸಿಕ್ಕಿತ್ತು. ಮೊದಲ ಪಾಠ ಆ ವಾರವೇ ಹೋಗಬೇಕು. ಮೊಬೈಲಿನಲ್ಲಿ ಕರೆ ಮಾಡಬಹುದು, ಪುಸ್ತಕ ತಿದ್ದಲಾಗದು. ಕೆಲಸ ತಪ್ಪಿದರೆ ಹಿಲ್ಲೂರಿನ ದೊಡ್ಡಪ್ಪ ಅವಳನ್ನು ಕರೆದೊಯ್ದು, ಪ್ರೀತಿಯಿಂದಲೇ, ಒಂದು ಮೂಲೆಯಲ್ಲಿ ಕೂರಿಸುತ್ತಾನೆ.

'ಆ ಮೂಲೆ ಬೇಡ ದೇವರೇ...'

ಅವಳು ನಿತೇಶನಿಗೆ ಫೋನ್ ಮಾಡಿದಳು. ಅಂಗಡಿ ಮುಗಿಸಿ ಸಂಜೆಯೇ ಬಂದ. ಬಂದ ಮೇಲೆ ತಿಳಿಯಿತು, ಅವನಿಗೆ ಲಿನಕ್ಸ್ ಬಾರದೆಂದು!

"ನೀವು ಓದಿ ಹೇಳಿ, ಸಾಕು. ಕಮಾಂಡ್ ನಾನು ಹಾಕ್ತೆ," ಎಂದು ವೈಜಯಂತಿ ಟೈಪ್ ಮಾಡಿದಳು. "ಪರದೆ ಮೇಲೆ ಎಂತ ಬಂತು?"

"ಬಹಳ ಬಂತು."

"ಎಂತದು ಅಂತ ಹೇಳಿ!"

"ಬೈದಾಂಗೆ ಕಾಣ್ತದೆ. ಕೊನೆಗೆ ಮೂರು ಚುಕ್ಕಿ ಬೇರೆ."

"ಸೌಂಡ್ ಸೆಟ್ಟಿಂಗಲ್ಲಿ?"

"ಡಮ್ಮಿ ಔಟ್‌ಪುಟ್ ಅಂತದೆ."

"ಅಂದ್ರೆ ಕಾರ್ಡ್ ಅದಕ್ಕೆ ಕಾಣ್ತಾ ಇಲ್ಲ. ಡ್ರೈವರ್ ತೆಗ್ದು ಹೊಸದಾಗಿ ಹಾಕ್ಬೇಕು."

ಗಾಬರಿಯಲ್ಲಿ ಅವನು ಅವಳಿಗೆಂದು ಇಟ್ಟಿದ್ದ ಚಾವನ್ನೇ ಎತ್ತಿ ಕುಡಿದುಬಿಟ್ಟ. ಗಂಗೂ ಅತ್ತೆ ಹಣೆ ಚಚ್ಚಿಕೊಂಡಳು.

"ಸೂತಕದ ಮನೆಲಿ ಚಾ ಕುಡೂದನಾ, ಮಾರಾಯಾ? ತಲೆ ಮೇಲೆ ನೀರು ಹಾಕಂಡೇ ನಿನ್ನ ಮನೆ ಒಳಗೆ ಹೋಗು!"

ಅಂದಿನಿಂದ ಕಾರವಾರದ ಮೀನುಗಾರರ ಕೇರಿ ಬೈತಖೋಲದಲ್ಲಿ ಅವನ ತಾಯಿಗೆ ಚಿಂತೆ ಹತ್ತಿತು. ಹಬ್ಬದ ದಿನವೂ ಕೂಗಿ ಕೂಗಿ ಬಚ್ಚಲಿಗೆ ಅಟ್ಟಬೇಕಾದ ಮಗ ದಿನಾ ಸಂಜೆ ತಾನಾಗಿಯೇ ತಲೆಗೆ ನೀರು ಸುರಿದುಕೊಳ್ಳುತ್ತಿದ್ದ!

ಮರುದಿನ ಹೊಸ ಡ್ರೈವರ್ ಯಂತ್ರದಲ್ಲಿ ಕೂರುವಷ್ಟರಲ್ಲಿ ವೈಜಯಂತಿ ಹಿತ್ತಲಿಗೆ ಹೋಗಿದ್ದಳು. ನಿತೇಶ ಒಂದು ಗುಂಡಿ ಒತ್ತಿದ. ಯಂತ್ರ ಮೆಲ್ಲಗೆ ಉಸುರಿತು: "ಮುಖ್ಯ ಪುಟ."

ಗಂಗೂ ಅತ್ತೆ ಅವನ ಕೈ ಹಿಡಿದಳು.

"ಬಂದ್ ಮಾಡೋ, ನಿನ್ನ ಕಾಲಿಗೆ ಬೀಳ್ತೆ! ಇದ್ರ ಕನ್ನಡ ಕೇಳಿ ನಗೂದಂದ್ರೆ ಅಣ್ಣಗೆ ಊಟಕ್ಕಿಂತ ಹೆಚ್ಚು. ಈಗ ಇದು ಬಾಯಿ ಬಿಟ್ರೆ ಅವ ಇಲ್ಲೇ ಕೂತ್ಬಿಡ್ತ. ಮೇಲಿನ ದಾರಿ ಹಿಡೂದೇ ಇಲ್ಲ. ಸೂತಕ ಕಳೀಲಿ. ಆಮೇಲೆ ಹಗಲಿಡೀ ಒದರ್ಲಿ."

"ವೈಜಯಂತಿಯವ್ರಿಗೆ ಹೇಳ್ಬೇಕಲ್ಲ, ಅತ್ತೆ..."

"ಅವ್ಳು ನನ್ನ ಮಾತು ಕೇಳೂದಿಲ್ಲ. ಹೇಳೂದಿಲ್ಲ ಅಂತ ಅಣ್ಣನ ಮೇಲೆ ಆಣೆ ಮಾಡು."

ಮಾಸ್ತರರ ತಲೆ ಕೊನೆಗೆ ಒರಗಿದ್ದು ನಿತೇಶನ ಹೆಗಲಿಗೆ. ಅವನು ಆಣೆ ಮಾಡಿದ. ಸೆಟ್ಟಿಂಗಿನಲ್ಲಿ ಸೌಂಡ್ ಕಾರ್ಡ್ ಆಫ್ ಮಾಡಿದ.

"ಬಂತಾ?" ಎನ್ನುತ್ತ ವೈಜಯಂತಿ ಒಳಗೆ ಬಂದಳು.

"ಇಲ್ಲ. ಡಮ್ಮಿ," ಎಂದ.

"ಇರ್ಲಿ. ನಾಳೆ ಲಿನಕ್ಸಿನ ಹಳೇ ಕರ್ನಲ್ ಹಾಕಿ ಕಾಣ್ವ. ಅಲ್ಲೀವರೆಗೆ ಪಾಠ ನೀವೇ ಓದಿ ಹೇಳ್ತ್ರಾ?"

ಅವನು ಓದಿದ. ಅವಳು ಕೇಳಿ ತಿದ್ದಿದಳು.

"ಕಪ್ಪೆ ನೀರಿಗೆ ಹಾರಿತು ಪೂರ್ಣವಿರಾಮ. ಆಹಾ ಆಶ್ಚರ್ಯಸೂಚಕ ಎಂದಿತು ಮೀನು ಪೂರ್ಣವಿರಾಮ."

ವೈಜಯಂತಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಹೋದ ಮೇಲಿನ ಮೊದಲ ನಗು. ನಗುತ್ತ ನಗುತ್ತಲೇ ಅಳು ಬಂತು. ಅವನು ಓದುವುದನ್ನು ನಿಲ್ಲಿಸಿ ಸುಮ್ಮನೆ ಕೂತ. ಸಮಾಧಾನ ಹೇಳಲಿಲ್ಲ. ಅದೇ ಅವಳಿಗೆ ಹಿತವಾಯಿತು.

ಪಾಠ ಹೋಯಿತು. ಕೆಲಸ ಉಳಿಯಿತು. ಆದರೆ ಡ್ರೈವರಿನ ಜೊತೆ ಅವಳ ಹೋರಾಟ ಮಾತ್ರ ನಿಲ್ಲಲಿಲ್ಲ. ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ನಿತೇಶ ಪ್ರತಿ ಸಲವೂ "ಡಮ್ಮಿ" ಎಂದು ಓದಿದ.

ಒಂದು ಸಂಜೆ ಯಂತ್ರ ಶುರುವಾಗುವಾಗ ಅವಳ ಬೆರಳುಗಳು ತಟ್ಟನೆ ನಿಂತವು.

"ಟುಕ್ ಅಂತು."

"ಎಂತದು?"

"ಸ್ಪೀಕರ್. ಡ್ರೈವರ್ ಎದ್ದಾಗ ಮಾತ್ರ ಅದು ಟುಕ್ ಅನ್ನೂದು. ಈಗ ಹೇಳಿ. ಪರದೆ ಮೇಲೆ ಎಂತದೆ?"

ನಿತೇಶ ಪರದೆಯತ್ತ ನೋಡಿದ. "...ಡಮ್ಮಿ."

ಅವಳು ನೆನಪಿನಿಂದಲೇ ಒಂದು ಕಮಾಂಡ್ ಟೈಪ್ ಮಾಡಿ ಕಾರ್ಡ್ ಆನ್ ಮಾಡಿದಳು. ಕಂಡಕ್ಟರನ ದನಿ ಮನೆ ತುಂಬ ಮೊಳಗಿತು!

"ಎಷ್ಟು ದಿನದಿಂದ ಸರಿ ಉಂಟು ಇದು?"

ಅವನು ತಲೆ ತಗ್ಗಿಸಿದ. ಆಣೆ ಬಾಯಿ ಕಟ್ಟಿತ್ತು.

"ಕಣ್ಣು ಕಾಣದವ್ಳಿಗೆ ಸುಳ್ಳು ಓದಿ ಹೇಳ್ದ್ರಲ್ಲ! ಬೈದಿದ್ರೆ ಮರೀತಿದ್ದೆ. ಇದನ್ನ ಹ್ಯಾಂಗೆ ಮರೀಲಿ? ಇನ್ನು ನೀವು ಓದಿದ್ದು ನಾ ನಂಬೂದು ಹ್ಯಾಂಗೆ?" ಅವಳು ಬಾಗಿಲ ಕಡೆ ಕೈ ತೋರಿಸಿದಳು. "ಹೋಗಿ!"

ಅವನು ಹೋದ. ಗಂಗೂ ಅತ್ತೆ ಕಂಬ ಹಿಡಿದು ನಿಂತಳು. ಅಂದು ಅವಳಿಗೆ ಅನ್ನ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ವೈಜಯಂತಿಯ ಮಂಚದ ಬಳಿ ಬಂದು ಕೂತಳು.

"ವೈಜೂ... ಪ್ಲಗ್ ಕಿತ್ತದ್ದು ನಾನು. ಬಾಯಿ ಕಟ್ಟಿದ್ದೂ ನಾನೇ. ಅವನದ್ದೆಂತ ತಪ್ಪಿಲ್ಲ ಮಗಾ." ಎಲ್ಲವನ್ನೂ ಹೇಳಿ ಮೂಗು ಒರೆಸಿಕೊಂಡಳು. "ಪಾಪ, ನಿನ್ನೆ ನನ್ನ ಹೆಸರು ಹೇಳಿ ಪಾರಾಗ್ಲಕ್ಕಿತ್ತು. ಹೇಳ್ಲಿಲ್ಲ."

'ಕೊಟ್ಟ ಮಾತಿಗೆ ಬೈಸಿಕೊಂಡು ಹೋದನೇ! ಆದರೂ... ನನಗೆ ಸುಳ್ಳು ಓದಿದ್ದು ನಿಜ.' ಇಡೀ ದಿನ ಅವಳ ಮನಸ್ಸು ಹೊಯ್ದಾಡಿತು.

ಮರುದಿನ ಸೂತಕ ಕಳೆಯಿತು. ಅಂದು ಸಂಜೆ ಅವಳೇ ಫೋನ್ ಮಾಡಿ ಅವನನ್ನು ಕರೆಸಿದಳು.

"ಕೂತ್ಕಳಿ. ದನಿ ಬಂದ್ ಮಾಡಿದ್ದೆ. ನಾ ಬರ್ದದ್ದು ಓದಿ. ಇದ್ದದ್ದು ಇದ್ದಾಂಗೆ."

ಟೈಪ್ ಮಾಡಿದಳು. ಅವನು ಓದಿದ: "ನಿತೇಶ ದೊಡ್ಡ ಸುಳ್ಳುಗಾರ."

ಮತ್ತೆ ಟೈಪ್ ಮಾಡಿದಳು. "ನಿತೇಶನಿಗೆ ಲಿನಕ್ಸ್ ಬರುವುದಿಲ್ಲ. ...ಈಗ ಸ್ವಲ್ಪ ಬತ್ತದೆ."

"ಸ್ವಲ್ಪ ಬತ್ತದೆ ಅಂತ ನಾ ಬರೀಲಿಲ್ಲ!"

"ಇಲ್ಲ, ಅದು ನಾ ಹೇಳಿದ್ದು."

ಮೂರನೆಯ ಸಾಲು ಬರೆಯುವಾಗ ಅವಳ ಬೆರಳು ಎರಡು ಸಲ ತಪ್ಪಿತು. ಬರೆದು ಮುಗಿಸಿ ಕಾದಳು.

"ಓದಿ..."

"ಆಗ್ತಾ ಇಲ್ಲ. ಕಣ್ಣು ಮಂಜಾಯ್ತು."

"ಹಾಂಗಾದ್ರೆ ಬಿಡಿ. ಓದುವವ್ರು ಬೇರೆ ಇದ್ದಾರೆ," ಎಂದು ಅವಳು ಯಂತ್ರದ ದನಿ ಹಾಕಿ ಗುಂಡಿ ಒತ್ತಿದಳು. ಯಂತ್ರ ಪಕ್ಕದ ಮನೆಗೂ ಕೇಳುವಂತೆ ಒದರಿತು:

"ಅಪ್ಪನ ವರ್ಷಾಂತಿಕ ಮುಗಿದ ಮೇಲೆ ನನ್ನನ್ನು ಮದುವೆ ಆಗುತ್ತೀರಾ ಪ್ರಶ್ನಾರ್ಥಕ ಚಿಹ್ನೆ."

ಗಂಗೂ ಅತ್ತೆ ಸೌಟು ಹಿಡಿದೇ ಓಡಿ ಬಂದಳು. "ಯಾರೇ ಕೇಳ್ದದ್ದು? ನೀನೋ, ಆ ಪೆಟ್ಟಿಗೆಯೋ?"

"ನಾನೇ, ಅತ್ತೆ."

"ಬೈತಖೋಲದ ಹುಡುಗ..." ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಆಯ್ತು. ಮನೆಗೆ ತಾಜಾ ಮೀನಾದ್ರೂ ಬರ್ತದೆ. ಏ ನಿತೇಶಾ, ಹುಡುಗಿ ಕೇಳ್ತಾ ಇದೆ, ಬಾಯಿ ಬಿಡೋ! ಈ ಸಲ ಆಣೆ ಗೀಣೆ ಎಂತದೂ ಇಲ್ಲ."

"ಆಗ್ತೆ," ಎಂದ ನಿತೇಶ. "ವೈಜಯಂತಿ, ಇನ್ನು ನನಗೇ ಕಷ್ಟ ಆಗೂ ಮಾತು ಬಂದ್ರೂ ಬಿಡದೆ ಓದಿ ಹೇಳ್ತೆ."

"ನಂಬ್ತೆ," ಎಂದಳು ಅವಳು, ಅವನ ಕಡೆಗೆ ಕೈ ಚಾಚಿ. "ತಪ್ಪು ಓದಿದ್ರೆ ತಿದ್ತೆ. ಅದು ನನ್ನ ಕೆಲ್ಸ ಅಲ್ವಾ?"

ಗಂಗೂ ಅತ್ತೆ ಮಾಸ್ತರರ ಚಿತ್ರದ ಮುಂದೆ ದೀಪ ಹಚ್ಚಿದಳು. ಮೂವರೂ ಕೈ ಮುಗಿದು ನಿಂತರು. ಅತ್ತೆ ಬೇಡಿಕೊಂಡಳು:

"ಹೇ ಭಗವಂತಾ, ನಮ್ಮಣ್ಣ ಶಾಂತಾರಾಮ ಯಾರಿಗೂ ನೋವು ಮಾಡದೆ ಬಾಳಿದ. ಅವನನ್ನು ನಿನ್ನ ಪಾದದ ಬಳಿ ಕರೆದುಕೋ. ಅವನ ಆತ್ಮಕ್ಕೆ ಶಾಂತಿ ಕೊಡು."