ಭೀಮವ್ವನ ಹೆಸರಿಗೆ ಜಾಗ

"ಜಾಗ ಇಲ್ರಿ ಭೀಮವ್ವನೋರ. ಒಂದು ಕಾರ್ಡಿನ್ಯಾಗ ಎಂಬತ್ತ ಅಕ್ಷರ ಅಷ್ಟ. ನಿಮ್ಮ ಹಟಕ್ಕ ಕಾರ್ಡ್ ಉದ್ದ ಆಗತದೇನು?"

ಗುರಣ್ಣ ಹಂಗಂದು ನಕ್ಕ. ಆ ನಗು ನೋಡಿದ್ರ ನನಗ ಸಿಟ್ಟೂ ಬರತಿತ್ತು, ಇನ್ನೊಂಚೂರು ನಗಲಿ ಅಂತನೂ ಅನಸ್ತಿತ್ತು.

ಎಂಬತ್ಮೂರನೇ ಇಸವಿ. ಪುಣೆದಾಗ ನಮ್ಮ ಸರಕಾರಿ ಪೆನ್ಶನ್ ಆಫೀಸಿಗೆ ಕಂಪ್ಯೂಟರ್ ಬರೂದಿತ್ತು. ಹಳೇ ಫೈಲ್ ಓದಿ, ಯಾವ ವಿಷಯ ಕಂಪ್ಯೂಟರಿಗೆ ಹೋಗಬೇಕು ಅಂತ ಬರದು ಕೊಡೂದು ಕ್ಲಾರ್ಕ್ ಆದ ನನ್ನ ಕೆಲಸ. ಅದನ್ನ ಕಂಪ್ಯೂಟರ್ ಓದೋ ತೂತಿನ ಕಾರ್ಡಿನ್ಯಾಗ ಹೊಂದಿಸೂದು ಗುರಣ್ಣಂದು. ಅಂವ ಇಲ್ಲೇ ಸದಾಶಿವ ಪೇಠದ ಕನ್ನಡ ವ್ಯಾಪಾರಿಗಳ ಮಗ. ನಾನು ಇಂಡಿ ತಾಲೂಕಿನಾಕಿ.

ಇಲ್ಲಿ ಪುಣೆ ಕಡೆ ಲಗ್ನದಾಗ ಹೆಣ್ಣಿನ ಅಡ್ಡಹೆಸರಷ್ಟ ಅಲ್ಲ, ಕರಿಯೋ ಹೆಸರೂ ಬದಲಿ. ತಾಟಿನ್ಯಾಗ ಅಕ್ಕಿ ಹರವಿ ಗಂಡ ಹೊಸ ಹೆಸರು ಬರೀತಾನ. ನೋಡಾಕ ಚಂದ, ಖರೆ. ಆದ್ರ ಸಕ್ಕುಬಾಯಿ ಅಂತ ಕೆಲಸಕ್ಕ ಸೇರಿದ ನರ್ಸ್ ಒಬ್ಬಾಕಿ ಲಗ್ನ ಆಗಿ ಸುನಂದಾ ಆಗಿದ್ಲು. ಮಷೀನಿಗೆ ಇಬ್ಬರೂ ಬ್ಯಾರೆ ಮಂದಿ. ಸಕ್ಕುಬಾಯಿ ದುಡದದ್ದು ಸುನಂದಾನ ಪೆನ್ಶನ್ನಿಗೆ ಬರಂಗಿಲ್ಲ!

"ಹಳೇ ಹೆಸರಿಗೂ ಜಾಗ ಬೇಕ," ಕಡ್ಡಿ ಮುರದಂಗ ಹೇಳಿದೆ. "ಅಲ್ಲೀತನಕ ಒಂದ ಕಾಗದಾನೂ ಕೊಡಂಗಿಲ್ಲ."

"ಸಾಹೇಬ್ರು ಬೈತಾರ್ರಿ."

"ಬೈಲಿ. ಬೈಸ್ಕೊಂಡು ಯಾರೂ ಸತ್ತಿಲ್ಲ."

ಅಂವ ನನ್ನ ದಿಟ್ಟಿಸಿ ನೋಡಿದ. ನಾನೂ ಕಣ್ಣು ಕೆಳಗ ಹಾಕಲಿಲ್ಲ. ಕಡೀಕ ಅಂವನೇ ಕನ್ನಡಕ ತಗದು ಒರಸಾಕ ಹತ್ತಿದ.

ಮುಂದಿನ ವಾರ ಹೊಸ ಕಾರ್ಡ್ ತಂದ. ಆಫೀಸುಗಳ ಉದ್ದುದ್ದ ಹೆಸರು ತಗದು ಬರೇ ನಂಬರ್ ಹಾಕಿ, ಹಳೇ ಹೆಸರಿಗೆ ಜಾಗ ಮಾಡಿದ್ದ.

"ನಿಮ್ಮ ಸಲುವಾಗಿ ನಿದ್ದಿ ಬಿಟ್ಟೇನ್ರಿ."

"ಸಕ್ಕುಬಾಯಿ ಸಲುವಾಗಿ ಅನ್ರಿ."

"ಸಕ್ಕುಬಾಯಿಗೆ ನನ್ನ ನಮಸ್ಕಾರ. ನಿದ್ದಿ ಕೆಡಿಸಿದೋರು ನೀವ."

ಅಯ್ಯ ಶಿವನ! ನನ್ನ ಕಿವಿ ಬಿಸಿ ಆದವು. ಅಂವ ನನಗ ಭಾಳ ಸೇರಿದ್ದ.

ದೀಪಾವಳಿ ಮುಗದ ಮ್ಯಾಲೆ ಲಗ್ನದ ಮಾತಾಡಾಕ ಗುರಣ್ಣ ಕರದ, ಅವರ ಮನಿಗೆ ಹೋದೆ. ಅವರವ್ವ ಶಿವಬಸವ್ವ ಚಾ ಕೊಟ್ಟು ಅಂದ್ರು, "ಹುಡಿಗಿ ಛಲೋ ಅದಾಳ. ಹೆಸರು ಮಾತ್ರ ಭಾಳ ಹಳೇದು. ಅಕ್ಕಿಯೊಳಗ ಮಧುರಾ ಅಂತ ಬರಸೂಣು."

"ಭೀಮವ್ವ ಅಂದ್ರ ನಮ್ಮ ಅವ್ವನ ಅವ್ವ, ನಮ್ಮ ಆಯಿ ಹೆಸರ್ರಿ. ಮಂದಿ ಹೊಲದಾಗ ಕೂಲಿ ಮಾಡಿ ನನ್ನ ಓದಿಸ್ಯಾಳ. ಈ ಹೆಸರು ಬಿಡಬೇಕಂದ್ರ ನನಗ ಲಗ್ನಾನ ಬ್ಯಾಡ."

ಗುರಣ್ಣನ ಕಡೆ ನೋಡಿದೆ. ಅಂವ ತೆಲಿ ಬಗ್ಗಿಸಿದ್ದ. ನಾ ಎದ್ದು ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದೆ. ಅಳಕೋತ ಹೋಗ್ತೀನಿ, ಆದ್ರ ಭೀಮವ್ವ ಆಗೇ ಹೋಗ್ತೀನಿ ಅಂದ್ಕೊಂಡೆ.

ಹಿಂದಿನಿಂದ ಅಂವನ ದನಿ ಬಂತು.

"ಅವ್ವಾ, ಈ ಮಧುರಾ ಯಾರು? ಆಕಿ ಗುರ್ತು ನನಗಿಲ್ಲ. ನಾ ಪ್ರೀತಿ ಮಾಡಿದಾಕಿ ಭೀಮವ್ವ. ಆಕಿ ಹ್ವಾದ್ರ ನಾನೂ ಆಕಿ ಹಿಂದ ಹೊಂಟೆ."

ಶಿವಬಸವ್ವ ಉಸಿರು ಬಿಟ್ಟ ಸಪ್ಪಳ ಕೇಳಿಸ್ತು.

"ಗಂಡಗ ತಕ್ಕ ಹೆಂಡ್ತಿ, ಇಬ್ಬರೂ ಹಟಮಾರಿಗೋಳು. ಬಾರವಾ ಭೀಮವ್ವಾ, ಚಾ ಆರಾಕತ್ತದ."

ಅವರ ಮುಂದನ ಗುರಣ್ಣನ ಕೈ ಹಿಡಕೊಂಡು ಒಳಗ ಹೋದೆ.