ಕೌಸಲ್ಯಮ್ಮನವರಿಗೆ ಕೇಳಿಸಿದ ಕರಡಿ

ನಶ್ಯ ಉಳಿದಿತ್ತು. ಡಬ್ಬಿ ಹೋಗಿತ್ತು.

ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಭಾನುವಾರದ ಹೋಳಿಗೆ ಊಟ ಮುಗಿಸಿ ಮಲಗಿದ್ದ ತ್ರಿವಿಕ್ರಮರಾಯರು, ಎಚ್ಚರವಾದ ಕೂಡಲೇ ಕಣ್ಣು ಬಿಡದೆ ಪಕ್ಕದ ಸ್ಟೂಲಿನ ಮೇಲೆ ಕೈಯಾಡಿಸಿದರು. ಸಿಕ್ಕಿದ್ದು ಬೋರಲು ಹಾಕಿದ ಒಂದು ಲೋಟ. ಎತ್ತಿ ನೋಡಿದರೆ, ಕೆಳಗೆ ಕಾಗದದ ಮೇಲೆ ಅಷ್ಟೂ ನಶ್ಯ ಗುಡ್ಡೆಯಾಗಿ ಕೂತಿದೆ. ಫ್ಯಾನಿನ ಗಾಳಿಗೆ ಹಾರದ ಹಾಗೆ ಕಳ್ಳ ಅದಕ್ಕೆ ಲೋಟ ಮುಚ್ಚಿ ಹೋಗಿದ್ದ.

"ಇಂಥ ಮರ್ಯಾದಸ್ಥ ಕಳ್ಳನ್ನ ಎಲ್ಲಾದ್ರೂ ಕಂಡಿದೀರೇನ್ರೀ, ಪುಟ್ಟಣ್ಣ?" ಎಂದು ಸೇತುರಾಮಯ್ಯ ಆ ಲೋಟವನ್ನೇ ನೋಡುತ್ತ ನನ್ನನ್ನು ಕೇಳಿದರು.

ಪುಟ್ಟಣ್ಣ ಅಂದರೆ ನಾನು, ಆರ್.ಟಿ. ನಗರದ ಹೈಸ್ಕೂಲೊಂದರ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಬೆಳಿಗ್ಗೆ ಯಶವಂತಪುರದ ಗುಜರಿ ಸಾಲಿಗೆ ಹೋಗದಿದ್ದರೆ ನನಗೆ ಕಾಫಿ ಇಳಿಯುವುದಿಲ್ಲ. ರೈಲ್ವೆ ಗೋಡೆಯುದ್ದಕ್ಕೂ ಗೋಣಿತಟ್ಟು ಹಾಸಿ ನಿಂತುಹೋದ ಗಡಿಯಾರ, ಕಿವಿ ಮುರಿದ ಬೋಗುಣಿ, ಯಾರದೋ ಮದುವೆಯ ಫೋಟೋ, ಎಲ್ಲ ಹರವಿರುತ್ತಾರೆ. ತ್ರಿವಿಕ್ರಮರಾಯರ ಪರಿಚಯವೂ ಅಲ್ಲಿಯದೇ. ಆದರೆ ನಾನು ಹಳೇ ನಿಬ್ಬು ತಂದರೆ ಹಳೇ ನಿಬ್ಬು ಅನ್ನುತ್ತೇನೆ. ಅವರು ಹಳೇ ಚೊಂಬು ತಂದರೆ ಪಾಳೇಗಾರರ ಚೊಂಬು ಅನ್ನುತ್ತಾರೆ. ಹೋದ ತಿಂಗಳು ಕೊಂಡ ಈ ಬೆಳ್ಳಿ ಡಬ್ಬಿಗೂ ಯಲಹಂಕದ ಕಡೆಯ ಯಾವನೋ ಪಾಳೇಗಾರನನ್ನು ಹುಡುಕಿಕೊಟ್ಟಿದ್ದರು.

ಸೇತುರಾಮಯ್ಯ ರೈಲ್ವೆಯವರು. ಪ್ರಯಾಣಿಕರು ಬಿಟ್ಟುಹೋದ ಸಾಮಾನಿನ ಆಫೀಸನ್ನು ಹುಬ್ಬಳ್ಳಿಯಲ್ಲಿ ಬಹಳ ವರ್ಷ ನೋಡಿಕೊಂಡು, ರಿಟೈರಾದ ಮೇಲೆ ಯಶವಂತಪುರದಲ್ಲಿ ಮನೆ ಮಾಡಿದವರು. ಸಾಮಾನು ನೋಡಿ ಅದನ್ನು ಕಳೆದುಕೊಂಡವರ ಜಾತಕ ಹೇಳುವ ಚಟ ಅಲ್ಲಿಂದ ಅಂಟಿದ್ದು. ಅದಕ್ಕೇ ರಾಯರು ನಮ್ಮಿಬ್ಬರನ್ನೂ ಕರೆಸಿದ್ದರು.

"ವಿಚಾರಿಸೋಕೆ ಏನೂ ಇಲ್ಲ, ಸೇತುರಾಮಯ್ಯ," ಎಂದರು ರಾಯರು. "ಕಳ್ಳ ಯಾರು ಅಂತ ಗೊತ್ತು. ಗುಜರಿ ಮೆಹಬೂಬ್ ಪಾಷಾ. ನೀವು ಮಾಲು ಎಲ್ಲಿಟ್ಟಿದಾನೆ ಅಂತ ಹುಡುಕಿಕೊಟ್ರೆ ಸಾಕು."

"ಡಬ್ಬಿ ನಿಮಗೆ ಮಾರಿದೋನೇ ಅವನಲ್ವೇ?"

"ಮಾರಿದೋನೂ ಅವನೇ, ಕದ್ದೋನೂ ಅವನೇ. ಇವತ್ತು ಬೆಳಿಗ್ಗೆ ಬಂದು, ಡಬ್ಬಿ ವಾಪಸ್ ಕೊಡಿ ಅಂತ ಗೋಗರೆದ. ಬೈದು ಕಳಿಸ್ದೆ. ಮಧ್ಯಾಹ್ನ ಮತ್ತೆ ಗೇಟ್ ಹತ್ರ ನಿಂತಿದ್ದನ್ನ ನಮ್ಮ ಕೌಸಲ್ಯ ನೋಡಿದಾಳೆ. ನಾಳೆ ಸಂಜೆ ಒಳಗೆ ಡಬ್ಬಿ ಬರ್ಲಿಲ್ಲ ಅಂದ್ರೆ ಪೊಲೀಸಿಗೆ ಕೊಡ್ತೀನಿ. ಇನ್ಸ್‌ಪೆಕ್ಟರು ನಮ್ಮ ಷಡ್ಡಕನೇ."

ಗುಜರಿಯವನ ಮೇಲೆ ಕಳ್ಳಮಾಲಿನ ಹೆಸರು ಒಂದು ಸಲ ಬಂದರೆ ಮುಗಿಯಿತು; ಸಾಲಿನವರೇ ಅವನಿಗೆ ಗೋಣಿ ಹಾಸಲು ಬಿಡುವುದಿಲ್ಲ. ಪಾಷಾನ ಮನೆಯ ಒಲೆ ಉರಿಯುವುದು ಆ ಒಂದು ಗೋಣಿಯಿಂದ.

"ಊಟಕ್ಕೆ ಯಾರ್ಯಾರಿದ್ರು?"

"ಇಬ್ಬರೇ. ಪಕ್ಕದ ಮನೆ ಪಂಚಪ್ಪ, ಇಗೋ ಇಲ್ಲೇ ಇದಾರೆ. ಇನ್ನೊಬ್ಬ ವೀರಬಸಪ್ಪ. ಫ್ಯಾಕ್ಟರಿಲಿ ನನ್ನ ಕೈಕೆಳಗಿನ ಹುಡುಗ, ಗದಗದ ಕಡೆಯೋನು. ಬಂಗಾರದಂಥ ಹುಡುಗ."

ಪಂಚಪ್ಪನವರಿಗೂ ಹಳೇ ಸಾಮಾನಿನ ಹುಚ್ಚು. ಸೇತುರಾಮಯ್ಯ ತಮ್ಮ ಕಡೆ ತಿರುಗಿದ್ದೇ ತಡ, ಅವರು ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ.

"ನನ್ನ ಯಾಕ್ರೀ ಹಂಗೆ ನೋಡ್ತೀರಿ?" ಎಂದರು. "ನಾನು ತಗೊಳ್ಳೋನಾಗಿದ್ರೆ ಅಲ್ಲಿರೋ ಪನ್ನೀರುದಾನಿ ಬಿಟ್ಟು ನಶ್ಯದ ಡಬ್ಬಿ ತಗೋತಿದ್ನೇ?"

ಮಾತು ಸರಿಯಿತ್ತು. ಗಾಜಿನ ಬೀರುವಿನಲ್ಲಿ ಡಬ್ಬಿಗಿಂತ ನಾಲ್ಕು ಪಟ್ಟು ಬೆಳ್ಳಿಯ ಪನ್ನೀರುದಾನಿ ಹಾಗೇ ಹೊಳೆಯುತ್ತಿತ್ತು.

"ವೀರಬಸಪ್ಪ ಡಬ್ಬಿ ನೋಡಿದ್ನೇ?"

"ಎಲೆ ಹಾಕೋ ಮುಂಚೆ ನಾನೇ ತೋರಿಸ್ದೆ," ಎಂದರು ರಾಯರು. "ಮುಚ್ಚಳ ತೆಗೆದು, ಒಂದು ಚಿಟಿಕೆ ತಗೋಪ್ಪಾ ಅಂತ ಮುಂದೆ ಹಿಡಿದೆ. ಬೇಡ ಅಂದ."

ರಾಯರ ಹೆಂಡತಿ ಕೌಸಲ್ಯಮ್ಮ ಒಳಗಿನಿಂದ ಕಾಫಿ ತಂದರು. "ಪಾಪ, ಆ ಹುಡುಗ ಹೋಳಿಗೆನೂ ಮುಟ್ಟಲಿಲ್ಲ. ತುಪ್ಪ ಹಾಕಿ ಬಡಿಸಿದ್ದೆ, ಎಲೇಲಿ ಹಾಗೇ ಬಿಟ್ಟು ಎದ್ದ. ಹಿತ್ತಲಲ್ಲಿ ಕೈ ತೊಳೀತಾ ಏನೋ ಗೊಣಗ್ತಿದ್ದ."

"ಏನಂತ ತಾಯಿ?"

"ಅದೇನೋ, ಅವ್ವ, ಕರಡಿ, ಅಂತ. ಬೀದೀಲಿ ಕರಡಿ ಆಡಿಸೋರು ಬಂದಿರಬೇಕು ಅಂದ್ಕೊಂಡು ನಾನು ಆಚೆ ಹೋಗಿ ನೋಡಿದೆ. ಕರಡಿನೂ ಇಲ್ಲ, ಕೋತಿನೂ ಇಲ್ಲ. ಗೇಟ್ ಹತ್ರ ಆ ಪಾಷಾ ಮಾತ್ರ ನಿಂತಿದ್ದ."

ರಾಯರು ನಕ್ಕರು. "ಇವಳಿಗೆ ಎತ್ತು ಈಯಿತು ಅಂದ್ರೂ ನಂಬಿಕೆ, ಕರಡಿ ಬಂತು ಅಂದ್ರೂ ನಂಬಿಕೆ."

"ನಗಿ ನಗಿ," ಎಂದರು ಕೌಸಲ್ಯಮ್ಮ. "ನೀವು ಒಗೆಯೋ ಕಲ್ಲಿನ ಮೇಲೆಲ್ಲ ನಶ್ಯ ಚೆಲ್ಲಿ, ನಾನು ಸೀನಿ ಸೀನಿ ಸಾಕಾಯ್ತು. ಪಾತ್ರೆ ತಿಕ್ಕೋ ಹುಣಸೆಹಣ್ಣನ್ನೂ ಕಲ್ಲ ಮೇಲೇ ಬಿಟ್ಟಿದೀರಿ."

"ನಾನ್ಯಾಕೆ ಹಿತ್ತಲಿಗೆ ಹೋಗ್ಲಿ? ನಿದ್ದೆ ಮಾಡ್ತಿದ್ದೆ."

ಸೇತುರಾಮಯ್ಯ ಕಾಫಿ ಲೋಟ ಕೆಳಗಿಟ್ಟರು. ಮತ್ತೆ ಎತ್ತಲಿಲ್ಲ.

"ಪುಟ್ಟಣ್ಣ, ಡಬ್ಬಿ ಹೇಗಿತ್ತು ಅಂತ ಕೇಳಿ ಒಂದು ಚಿತ್ರ ಬರೀರಿ."

ಬರೆದೆ. ದಪ್ಪ ನಿಂಬೆಹಣ್ಣಿನಷ್ಟು; ಮೊಟ್ಟೆಯ ಆಕಾರ; ಮೇಲಿನ ಅರ್ಧ ಮುಚ್ಚಳ. "ಎರಡೂ ಪಕ್ಕದಲ್ಲಿ ಅರ ಹಾಕಿ ಉಜ್ಜಿದ ಗುರುತಿದೆ, ಅದನ್ನೂ ಹಾಕಿ," ಎಂದರು ಪಂಚಪ್ಪ. "ಅರ ಗಿರ ಏನಿಲ್ಲ, ಹಳೇದು, ಸವೆದಿದೆ," ಎಂದರು ರಾಯರು, ಕೊಂಚ ಬಿರುಸಾಗಿಯೇ.

ಸೋಮವಾರ ಶಾಲೆ ಬಿಟ್ಟ ಮೇಲೆ ಸೇತುರಾಮಯ್ಯ ನನ್ನನ್ನು ಪಾಷಾನ ಮನೆಗೆ ಕರೆದುಕೊಂಡು ಹೋದರು. ಪಾಷಾ ಬಾಗಿಲಲ್ಲೇ ಕುಳಿತು ಹಳೇ ಲಾಟೀನಿಗೆ ಎಣ್ಣೆ ಹಚ್ಚಿ ಉಜ್ಜುತ್ತಿದ್ದ. ಸುದ್ದಿ ಅವನಿಗಾಗಲೇ ಮುಟ್ಟಿತ್ತು.

"ಡಬ್ಬಿ ವಾಪಸ್ ಯಾಕೆ ಕೇಳಿದೆಯಪ್ಪ?"

"ಅದು ಏನು ಅಂತ ನನಗೆ ಮಾರೋವಾಗ ಗೊತ್ತಿರ್ಲಿಲ್ಲ ಸಾರ್. ಆಮೇಲೆ ಗೊತ್ತಾಯ್ತು. ಮನಸ್ಸು ತಡೀಲಿಲ್ಲ."

"ಏನದು?"

"ಅದು ಹೇಳಿದ್ರೆ ಯಾರದು ಅಂತಾನೂ ಹೇಳಿದ ಹಾಗೆ. ಒಬ್ಬ ಮನುಷ್ಯ ಬಂದು, ನಾಚ್ಕೆಯಿಂದ ತಲೆ ತಗ್ಗಿಸಿ, ವಾಪಸ್ ತಂದುಕೊಡು ಭಾಯಿ ಅಂದ. ತಂದುಕೊಡ್ತೀನಿ, ಯಾರಿಗೂ ಹೇಳಲ್ಲ ಅಂತ ಜಬಾನ್ ಕೊಟ್ಟಿದೀನಿ."

"ಡಬ್ಬಿ ಈಗ ಯಾರ ಮನೇಲಿದೆ ಅಂತ ಆತನಿಗೆ ಹೇಳಿದ್ದೆಯಾ?"

"ಇಲ್ಲ ಸಾರ್. ಸಾಹೇಬ್ರ ಮನೆಗೆ ಹೋಗಿ ಗಲಾಟೆ ಮಾಡ್ಕೊಂಡ್ರೆ?"

"ಪೊಲೀಸ್ನೋರು ಬಂದ್ರೂ ಬಾಯಿ ಬಿಡಲ್ವಾ?"

ಪಾಷಾ ಲಾಟೀನಿನ ಗಾಜಿಗೆ ಬಾಯಿಂದ ಹಬೆ ಊದಿ ಒರೆಸಿದ. "ಬಿಟ್ರೆ ನಾನು ಅಂಗಡಿಯೋನು ಹೇಗಾಗ್ತೀನಿ ಸಾರ್?"

ಸೇತುರಾಮಯ್ಯ ನನ್ನ ಚಿತ್ರ ತೋರಿಸಿದರು. ಪಾಷಾ ಒಮ್ಮೆ ನೋಡಿ, "ಇದರ ಕೊಂಡಿ ಎಲ್ಲಿ? ನಾನು ಕೊಟ್ಟಾಗ ಎರಡೂ ಕಡೆ ಕೊಂಡಿ ಇತ್ತಲ್ಲ," ಎಂದ.

ಡಬ್ಬಿಗೆ ಕೊಂಡಿ ಯಾಕೆ? ದಾರಿಯುದ್ದಕ್ಕೂ ನಾನು ಕೇಳಿದೆ. ಸೇತುರಾಮಯ್ಯ ಚಿತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡು ಮುಂದೆ ನಡೆದರು. ಆ ಮನುಷ್ಯನ ಜೊತೆ ತಿರುಗುವುದು ಎಂದರೆ ಇದೇ ಹಣೆಬರಹ.

ಸಂಜೆ ರಾಯರ ಮನೆಯಲ್ಲಿ ಎಲ್ಲರೂ ಸೇರಿದೆವು. ಪಾಷಾನನ್ನು ಒಳಗೆ ಕರೆದಿರಲಿಲ್ಲ. ಅವನು ಮೆಟ್ಟಿಲ ಮೇಲೆ ಟೋಪಿ ಕೈಯಲ್ಲಿ ಹಿಡಿದು ಕುಳಿತಿದ್ದ. ಸೇತುರಾಮಯ್ಯ ಹೇಳಿಕಳಿಸಿದ್ದರಿಂದ ಡ್ಯೂಟಿ ಮುಗಿಸಿ ಬಂದ ವೀರಬಸಪ್ಪ, ಇಪ್ಪತ್ತೈದರ ತೆಳ್ಳನೆಯ ಹುಡುಗ, ಅವನನ್ನು ನೋಡಿ ಮೆಟ್ಟಿಲಲ್ಲೇ ನಿಂತುಬಿಟ್ಟ. ಪಾಷಾ ಅವನ ಮುಖ ನೋಡಲೇ ಇಲ್ಲ.

"ಟೈಮಾಯ್ತು. ನಾನು ಫೋನ್ ಮಾಡ್ತೀನಿ," ಎಂದು ರಾಯರು ಎದ್ದರು.

"ಮಾಡಿ. ಅದಕ್ಕೆ ಮುಂಚೆ ಎರಡು ಮಾತು," ಎಂದರು ಸೇತುರಾಮಯ್ಯ. "ಬೆಳ್ಳಿಗಾಗಿ ಬಂದ ಕಳ್ಳ ಪನ್ನೀರುದಾನಿ ಬಿಡಲ್ಲ. ಬಿಟ್ಟ ಅಂತಲೇ ಇಟ್ಕೊಳ್ಳಿ. ಆದ್ರೆ ಕದ್ದ ಮನೇಲೇ ನಿಂತು, ಹುಣಸೆಹಣ್ಣು ಹಾಕಿ ಮಾಲು ತೊಳೆಯೋ ಕಳ್ಳ ಎಲ್ಲಿದಾನೆ? ಸಿಕ್ಕಿಬೀಳೋ ಭಯಕ್ಕಿಂತ, ಅದರಲ್ಲಿ ನಶ್ಯ ಇದ್ದದ್ದು ಅವನಿಗೆ ತಡೀಲಿಲ್ಲ. ಅಂದ್ರೆ, ಅದು ಅವನು ಕಣ್ಣಿಗೊತ್ತಿಕೊಳ್ಳೋ ವಸ್ತು. ಇನ್ನು ಕರಡಿ."

"ಮತ್ತೆ ಕರಡಿನಾ?" ಎಂದರು ಪಂಚಪ್ಪ.

"ಕೌಸಲ್ಯಮ್ಮನೋರ ಕಿವಿ ಚೆನ್ನಾಗೇ ಇದೆ. ಆದ್ರೆ ಬೆಂಗಳೂರಿನ ಕಿವಿ. ಬಾಲ ಒಂದು ಬಿಟ್ಟುಹೋಯ್ತು. ಹುಬ್ಬಳ್ಳಿಲಿ ನನ್ನ ಆಫೀಸಿಗೆ ಎಷ್ಟೋ ಜನ ಅಳ್ತಾ ಬಂದು ಅದೇ ಮಾತು ಅಂದಿದಾರೆ. ನನ್ನ ಕರಡಿಗಿ ಗಾಡ್ಯಾಗ ಬಿಟ್ಟೇನ್ರಿ ಅಂತ."

ಅವರು ನನ್ನ ಚಿತ್ರ ತೆಗೆದು, ಎರಡೂ ಪಕ್ಕಕ್ಕೆ ಒಂದೊಂದು ಕೊಂಡಿ ಬರೆದು, ಕೊಂಡಿಯಿಂದ ಕೊಂಡಿಗೆ ಒಂದು ದಾರ ಎಳೆದರು.

ನನಗೆ ನಾಚಿಕೆಯಾಯಿತು. ಲಿಂಗಾಯತರ ಎದೆಯ ಮೇಲೆ, ಲಿಂಗ ಇಟ್ಟು ಶಿವದಾರದಲ್ಲಿ ಕಟ್ಟಿಕೊಂಡ ಬೆಳ್ಳಿ ಕರಡಿಗೆಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಒಳಗೆ ನಶ್ಯ ಇತ್ತು, ರಾಯರು ನಶ್ಯದ ಡಬ್ಬಿ ಅಂದರು, ನಾನೂ ನಶ್ಯದ ಡಬ್ಬಿಯನ್ನೇ ಬರೆದುಕೊಟ್ಟೆ.

"ಯಾರ ಕರಡಿಗೆ, ವೀರಬಸಪ್ಪ?"

ಹುಡುಗ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಮೇಜಿನ ಮೇಲಿಟ್ಟ.

"ನಮ್ಮವ್ವಂದ್ರಿ. ಕಾಶವ್ವ ಅಂತ. ಹ್ವಾದ ವರ್ಷ ತೀರಿಕೊಂಡ್ಲು. ಲಿಂಗ ಆಕಿ ಅಂಗೈಯಾಗಿಟ್ಟು ಮಣ್ಣು ಮಾಡಿದ್ವಿ. ಕರಡಿಗಿ ನಮ್ಮಕ್ಕಗ ಕೊಡು ಅಂತ ಹೇಳಿದ್ಲರಿ. ನಾ ಕೊಡಲಿಲ್ಲ. ಇಲ್ಲೆ ತಂದು, ಗುಜರ್ಯಾಗ ಕೊಟ್ಟು, ಒಂದು ರೇಡಿಯೋ ತಗೊಂಡೆ."

"ರೇಡಿಯೋ?"

"ಧಾರವಾಡ ಸ್ಟೇಷನ್ ಕೇಳಬೇಕು ಅನಸ್ತಿತ್ತರಿ. ಒಬ್ಬನ ರೂಮಿನ್ಯಾಗ ಇರಾಂವ." ಅವನು ತಲೆ ಎತ್ತಲಿಲ್ಲ. "ಒಂದು ದಿನಾನೂ ಹತ್ತಲಿಲ್ಲರಿ. ಬರೇ ಗರ್ ಗರ್ ಅಂತದ."

ಅವನು ಕರವಸ್ತ್ರದ ಗಂಟು ಬಿಚ್ಚಿದ.

"ನಾಳೆ ಅವ್ವನ ವರ್ಷದ ಪೂಜಾಕ್ಕ ಅಕ್ಕ ಬರ್ತಾಳರಿ. ಕರಡಿಗಿ ಕೇಳತಾಳ. ಪಾಷಾ ಭಾಯಿಗೆ ಕೈ ಮುಗಿದು ಕೇಳಿದ್ದೆ. ನಿನ್ನೆ ಇಲ್ಲಿ ಸಾಹೇಬ್ರು ಅದನ್ನ ತೆರದು ನಶ್ಯ ತಗೋ ಅಂದ್ರು. ನನ್ನ ಕಣ್ಣು ಕತ್ತಲಿಟ್ಟಂಗಾತರಿ."

"ನನ್ನನ್ನ ಕೇಳಿದ್ರೆ ಕೊಡ್ತಿರ್ಲಿಲ್ವೇನೋ?" ಎಂದರು ರಾಯರು.

"ಏನಂತ ಕೇಳ್ಲಿರಿ? ಅವ್ವನ ಕರಡಿಗಿ ಮಾರಿದ ಮಗ ನಾನ ಅಂತ ಹೇಳ್ಲಿ ಏನು?" ಎಂದವನೇ ಬಾಗಿಲ ಕಡೆ ತಿರುಗಿದ. "ಭಾಯಿ, ನಿಮ್ಮ ಮ್ಯಾಲೆ ಹಾಕ್ಯಾರ ಅಂತ ಮುಂಜಾನೆನ ಗೊತ್ತಾತು. ಆದ್ರೂ ದಿನಾಪೂರ್ತಿ ಬಾಯಿ ಮುಚ್ಚಿಕೊಂಡು ಮಷೀನ್ ನಡಸೇನಿ. ಅವ್ವನ ಕರಡಿಗಿ ಮಾರಿದ್ದಕ್ಕಿಂತ ಇದು ದೊಡ್ಡ ತಪ್ಪು."

ಪಾಷಾ ಟೋಪಿ ಹಾಕಿಕೊಂಡ. "ಆಯ್ತು ಬಿಡಪ್ಪ. ಈಗ ಹೇಳಿದೆಯಲ್ಲ."

"ಇನ್ನೊಂದು ಬಾಕಿ ಇದೆ," ಎಂದರು ಸೇತುರಾಮಯ್ಯ. "ಪಾಷಾ ಮಾರಿದಾಗ ಕೊಂಡಿ ಇತ್ತು. ಪಂಚಪ್ಪ ನೋಡಿದಾಗ ಅರದ ಗುರುತಿತ್ತು. ನಡುವೆ ಅದು ಇದ್ದದ್ದು ಒಂದೇ ಮನೇಲಿ. ಕೊಂಡಿ ಇದ್ರೆ ಅದು ಏನು ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಪಾಳೇಗಾರನ ಕಥೆ ನಿಲ್ಲಲ್ಲ. ಅಲ್ವೇ, ರಾಯರೇ?"

ರಾಯರು ಬಾಯಿ ತೆರೆದರು. ಅಷ್ಟರಲ್ಲಿ ಕೌಸಲ್ಯಮ್ಮ ಎದ್ದು ಒಳಗೆ ಹೋಗಿ ಒಂದು ಬೆಂಕಿಪೊಟ್ಟಣ ತಂದರು. ಮೇಜಿನ ಮೇಲೆ ಸುರಿದರು. ಎರಡು ಬೆಳ್ಳಿ ಕೊಂಡಿ.

"ಓಲೆಯ ತಿರುಪಿರಬೇಕು ಅಂದ್ಕೊಂಡು ಎತ್ತಿಟ್ಟಿದ್ದೆ," ಎಂದರು ಗಂಡನನ್ನು ನೋಡದೆ. "ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಅದರಲ್ಲಿ ನಶ್ಯ ಹಾಕಿದ್ರಿ. ಇಷ್ಟು ದಿನ ನನಗೆ ಅದನ್ನ ದಿನಾ ಒರೆಸೋಕೆ ಕೊಟ್ರಿ."

ರಾಯರು ಕುರ್ಚಿಯಲ್ಲಿ ಕುಳಿತರು. ಬಾಗಿಲ ಕಡೆ ನೋಡಿ, "ಪಾಷಾ, ಒಳಗೆ ಬಾ," ಎಂದರು. ಪಾಷಾ ಬಂದ, ಅವರ ಮುಖ ನೋಡದೆ ಕೊಂಡಿಗಳನ್ನು ಮಾತ್ರ ಎತ್ತಿಕೊಂಡು, "ಬೆಸುಗೆ ಹಾಕಿಸ್ಕೊಡ್ತೀನಿ ಬಾರಪ್ಪ," ಎಂದು ವೀರಬಸಪ್ಪನನ್ನು ಕರೆದುಕೊಂಡು ಹೊರಟ.

ಹೊರಡುವ ಮುಂಚೆ ಹುಡುಗ ಸೇತುರಾಮಯ್ಯನವರ ಮತ್ತು ನನ್ನ ಬಳಿ ಬಂದ. "ನಾಳೆ ನೀವಿಬ್ಬರೂ ರೈಲ್ವೆ ಸ್ಟೇಷನ್ನಿಗೆ ಬರ್ರಿ. ನೀವು ಇದ್ರ ಅಕ್ಕಗ ಖರೇ ಹೇಳತೇನಿ. ಇಲ್ಲಾಂದ್ರ ಮತ್ತ ಸುಳ್ಳು ಹೇಳತೇನಿ."

ಮಂಗಳವಾರ ಬೆಳಿಗ್ಗೆ ಯಶವಂತಪುರದಲ್ಲಿ ಹುಬ್ಬಳ್ಳಿ ಗಾಡಿ ತಡವಾಗಿ ಬಂತು. ಚನ್ನಕ್ಕ ತಮ್ಮನಿಗಿಂತ ಬಹಳ ದೊಡ್ಡವರು. ಇಳಕಲ್ ಸೀರೆ, ಕೈಯಲ್ಲಿ ರೊಟ್ಟಿಯ ಗಂಟು. ನಮಗೂ ಕೈ ಮುಗಿದು, ತಮ್ಮನ ಗಲ್ಲ ಸವರಿ, ಮೊದಲು ಕೇಳಿದ್ದೇ ಅದು. "ಅವ್ವಂದು ತಂದಿ ಏನೋ?"

ವೀರಬಸಪ್ಪ ಕೊಟ್ಟ. ಹೊಸ ದಾರ, ಹೊಸ ಬೆಸುಗೆ, ಹುಣಸೆಹಣ್ಣಿನಲ್ಲಿ ಮತ್ತೆ ಮತ್ತೆ ತಿಕ್ಕಿದ ಬೆಳ್ಳಿ. ಕೊಟ್ಟವನು ಒಂದು ಹೆಜ್ಜೆ ಹಿಂದೆ ಸರಿದ. ಚನ್ನಕ್ಕ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಮುಚ್ಚಳ ತೆಗೆದು ಹಣೆಯ ಹತ್ತಿರ ಹಿಡಿದರು.

ಜೋರಾಗಿ ಒಂದು ಸೀನು ಬಂತು. ಹಿಂದೆಯೇ ಇನ್ನೊಂದು.

ಅವರು ಸೆರಗಿನಿಂದ ಮೂಗು ಒರೆಸಿಕೊಂಡು, ಕರಡಿಗೆಯನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದರು.

"ಯಾಕೋ ತಮ್ಮಾ, ಅವ್ವ ನಶ್ಯ ಹಾಕತಿದ್ದಿಲ್ಲಲ್ಲ?"

ವೀರಬಸಪ್ಪ ನಮ್ಮ ಕಡೆ ನೋಡಿದ. ಸೇತುರಾಮಯ್ಯ ಗಾಡಿಯ ಕಡೆ ನೋಡುತ್ತಿದ್ದರು. ಅವನು ಅಕ್ಕನ ಕೈಯಿಂದ ರೊಟ್ಟಿಯ ಗಂಟು ಇಸಿದುಕೊಂಡು ಕೆಳಗಿಟ್ಟ.

"ಕುಂದ್ರ ಅಕ್ಕಾ," ಎಂದ. "ಹೇಳತೇನಿ."