ಏಳು ಗಂಟಿನ ಚಾಟಿ

"ಚಾಟಿ ತುದೀಗೆ ಏನಾರ ಕಟ್ಕೊ ಮಗ. ಒಟ್ಟೆ ಮಾತ್ರ ಬಿಚ್ಬ್ಯಾಡ" ಎಂದಳು ಮಹದೇವಮ್ಮ.

ಅಮೃತೇಶ್ ನಕ್ಕುಬಿಟ್ಟ. ನಂಜನಗೂಡಿನ ಪೇಟೆಯ ಹಿಂದಿನ ಓಣಿಯಲ್ಲಿದ್ದ ಅವನ ಮಳಿಗೆಯ ಮೇಜಿನ ಮೇಲೆ ಪ್ಯಾರಾಕಾರ್ಡ್ ಎಂಬ ಕಪ್ಪು-ಕೆಂಪು ನೈಲಾನ್ ಹಗ್ಗದ ಚಾಟಿಯೊಂದು ಸುರುಳಿ ಸುತ್ತಿ ಮಲಗಿತ್ತು. ಅದು ಅವನು ಹೆಣೆದದ್ದಲ್ಲ, ಮುಡುಕುತೊರೆಯ ಗುರು ಎಂಬವನು ಹೆಣೆದದ್ದು. ಮೈಸೂರಿನ ಕುದುರೆ ಸವಾರಿ ಮೇಷ್ಟ್ರು ನಟರಾಜ್, ತುದಿಯ ಕುಚ್ಚು ಸವೆದಿದೆಯೆಂದು ಬದಲಿಸಲು ಕೊಟ್ಟುಹೋಗಿದ್ದರು. ಸೋಮವಾರದ ಪೂಜೆ ಮುಗಿಸಿ ಬಸ್ಸಿಗೆ ಹೊರಟಿದ್ದ ಮಹದೇವಮ್ಮ ಅದನ್ನು ಕಂಡು ಬಾಗಿಲಲ್ಲೇ ನಿಂತಿದ್ದಳು. ಗಾಡಿಯೆತ್ತುಗಳಿದ್ದ ಕಾಲದಲ್ಲಿ ತೊಗಲಿನ ಬಾರುಕೋಲು ಹೆಣೆಯುತ್ತಿದ್ದ ಮನೆತನ ಅವಳದು. ಗುರುವಿಗೆ ಹೆಣಿಗೆ ಕಲಿಸಿದವಳೂ ಅವಳೇ.

"ಬಿಚ್ಚಿದ್ರೆ ಏನಾಗುತ್ತಜ್ಜಿ? ಒಳಗಿಂದ ಹಾವು ಬರುತ್ತಾ?"

"ಕಟ್ಟಿರದು ಆಚೆ ಬತ್ತದೆ. ನಗಬ್ಯಾಡ ಕಣಪ್ಪ."

ಅವಳು ಅವನ ಮುಖ ನೋಡಲಿಲ್ಲ, ಬೆರಳುಗಳನ್ನು ನೋಡಿದಳು. ಆಮೇಲೆ ಸೆರಗು ಬಿಗಿದುಕೊಂಡು ಹೊರಟುಹೋದಳು.

ಅಮೃತೇಶ್ ಮೈಸೂರು ಬಿಟ್ಟು ಹೆಂಡತಿ ಅರ್ಪಿತಳ ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ಚಾಟಿಯ ಕೆಲಸವನ್ನು ಮೊಬೈಲಿನಲ್ಲಿ ನೋಡಿ ಕಲಿತವನು. ನೈಲಾನ್ ಹಗ್ಗ ತಾನೇ, ಇದರಲ್ಲಿ ಯಾವ ಬ್ರಹ್ಮವಿದ್ಯೆ ಎಂಬ ಗತ್ತು ಅವನದು. ಹಗ್ಗ ಅಳೆದು ಕತ್ತರಿಸುವುದು, ಬಣ್ಣದ ಕವಚದೊಳಗಿನ ಏಳು ಬಿಳಿ ಎಳೆಗಳನ್ನು ಎಳೆದು ಕಸದ ಬುಟ್ಟಿಗೆ ಹಾಕುವುದು, ತೂಕಕ್ಕೆಂದು ಸೀಸದ ಚರೆ ತುಂಬಿದ ತಿರುಳಿನ ಸುತ್ತ ಬರಿಯ ಕವಚಗಳನ್ನು ಬಿಗಿಯಾಗಿ ಹೆಣೆಯುವುದು, ಕೊನೆಗಳನ್ನು ಲೈಟರಿನಲ್ಲಿ ಕರಗಿಸಿ ಅಂಟಿಸುವುದು. ಬೆರಳು ಅಷ್ಟು ಚುರುಕು, ಹೆಣಿಗೆ ಅಷ್ಟು ನಯ. ಆದರೇನು, ಬೀಸಿದರೆ ಅವನ ಚಾಟಿ 'ಟಪ್' ಎಂದು ಸುಮ್ಮನಾಗುತ್ತಿತ್ತು. ಗುರುವಿನದು ಬೀಸಿದರೆ ಹೊಳೆಯ ಆಚೆ ದಡದ ಕೊಕ್ಕರೆಗಳು ಎದ್ದು ಹಾರುತ್ತಿದ್ದವು.

ಅವನಿಗಿದ್ದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕುವುದು ಬೇಡ. ಗುರು ಎಲ್ಲಿ ಸಿಕ್ಕರೂ "ಅಮೃತಣ್ಣ, ನಿಮ್ಮ ಎಣಿಗೆ ನೋಡಕ್ಕೆ ಏಟು ಚೆಂದ" ಎನ್ನುತ್ತಿದ್ದ. ಆ ಹೊಗಳಿಕೆ ಅಮೃತೇಶನಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಅಂದು ಬೆಳಿಗ್ಗೆ ಅರ್ಪಿತಳೂ ಗುರುವಿನ ಈ ಚಾಟಿಯನ್ನು ಹಿತ್ತಲಲ್ಲಿ ಒಮ್ಮೆ ಬೀಸಿ ನೋಡಿ, "ಇದು ಮಾತಾಡುತ್ತೆ ರೀ" ಎಂದಿದ್ದಳು. ಹೆಂಡತಿಯ ಬಾಯಿಂದ ಅದನ್ನು ಕೇಳಿದ ಮೇಲೆ ಅವನಿಗೆ ತಿಂಡಿ ಸೇರಲಿಲ್ಲ.

ಮಟಮಟ ಮಧ್ಯಾಹ್ನ ಷಟರ್ ಎಳೆದುಕೊಂಡ. ಕರೆಂಟು ಹೋಗಿತ್ತು. ತಗಡಿನ ಸಂದಿಯಿಂದ ಬರುವ ಒಂದು ಗೆರೆ ಬೆಳಕು ಬಿಟ್ಟರೆ ಒಳಗೆ ಕತ್ತಲೆ, ಸುಟ್ಟ ನೈಲಾನಿನ ಕಮಟು, ಮೇಣದ ವಾಸನೆ. ಒಳಗಿನ ಗುಟ್ಟೇನೆಂದು ನೋಡಲು ಚಾಟಿಯ ಹಿಡಿಯ ಬುಡಕ್ಕೆ ಬ್ಲೇಡು ಇಟ್ಟು ಉದ್ದಕ್ಕೆ ಸೀಳಿದ.

ಒಳಗೆ ಸೀಸವಿರಲಿಲ್ಲ. ತಾನು ದಿನವೂ ಕಸಕ್ಕೆ ಹಾಕುವ ಆ ಏಳು ಬಿಳಿ ಎಳೆಗಳಿದ್ದವು. ಅರಿಶಿನ ಮೆತ್ತಿದ ಒಂದೊಂದಕ್ಕೂ ಒಂದೊಂದು ಗಂಟು, ಗಂಟಿನೊಳಗೆ ಕತ್ತರಿಸಿದ ಉಗುರಿನ ಚೂರು. ನಡುವೆ ಒಂದು ಬಟ್ಟೆಯ ಚಿಂದಿ. ಅದರ ಮೇಲೆ ಮಸಿಯಲ್ಲಿ ಬರೆದಿತ್ತು: ಅಮೃತೇಶ.

ಮಾಟ. ಒಂದು ನಿಮಿಷದ ಹಿಂದೆ ಮಾಟವೆಂದರೆ ನಗುತ್ತಿದ್ದವನು ಈಗ ಸಂತೋಷದಿಂದಲೇ ಅದನ್ನು ನಂಬಿದ. ಹಾಗಾದರೆ ಕೊರತೆ ತನ್ನ ಕೈಯಲ್ಲಿರಲಿಲ್ಲ. ಗುರು ಕಟ್ಟುಹಾಕಿದ್ದ. ಗಂಟು ಬಿಚ್ಚಿದರೆ ತನ್ನ ಚಾಟಿಯೂ ಸಿಡಿಯುತ್ತದೆ.

ಮೊದಲ ಗಂಟು ಬಿಚ್ಚಿದ. ಒದ್ದೆ ತೊಗಲಿನ ನಾತ ಗಪ್ಪನೆ ಮೂಗಿಗೆ ಬಡಿಯಿತು. ಎರಡನೆಯದಕ್ಕೆ ಕತ್ತಲಲ್ಲಿ ಯಾರೋ ಉಸಿರೆಳೆದರು. ಮೂರನೆಯದಕ್ಕೆ ಕಿವಿಯ ಬುಡದಲ್ಲೇ ಗುರುವಿನ ದನಿ ಕೇಳಿಸಿತು: "ಏಟು ಚೆಂದ." ತಿರುಗಿದ. ಯಾರೂ ಇರಲಿಲ್ಲ. ಆದರೂ ನಿಲ್ಲಿಸಲಿಲ್ಲ.

ನಾಲ್ಕು. "ಏಟು ಚೆಂದ ಆ ಕೈಬೆಳ್ಳು."

ಐದು. "ನಂಗಿರಬೇಕಿತ್ತು ಆ ಬೆಳ್ಳು."

ಆರು. "ನಂಗಿಲ್ದ ಮ್ಯಾಲೆ ಅವನ್ಗೂ ಬ್ಯಾಡ."

ಇನ್ನು ಬಿಚ್ಚಬಾರದೆಂದುಕೊಂಡ. ಆದರೆ ಏಳನೆಯ ಗಂಟು ತಾನಾಗಿಯೇ ಸಡಿಲಿತು. ಎಳೆಗಳು ಅಲುಗಿದವು. ಮೇಜಿನ ಮೇಲೆ ಹರಿದವು. ಬೆರಳಿಗೆ ಸುತ್ತಿದವು. ಕಿತ್ತ. ಬಿಗಿದವು. ಉಗುರಿನ ಕೆಳಗೆ ತಣ್ಣಗೆ ಏನೋ ನುಗ್ಗಿತು. ಒಂದು ಬೆರಳು. ಇನ್ನೊಂದು. ಲೈಟರ್ ಹಚ್ಚಿದ. ನೈಲಾನು ಕರಗಿ ಚರ್ಮಕ್ಕೆ ಅಂಟಿತು. ಒಳಗಿದ್ದದ್ದು ಸುಡಲಿಲ್ಲ. ಅದು ಮೂಳೆಯ ಸುತ್ತ ಹೆಣೆಯುತ್ತಿತ್ತು. ಮೇಲೆ, ಕೆಳಗೆ. ಮೇಲೆ, ಕೆಳಗೆ. ನಿಧಾನವಾಗಿ, ಅಚ್ಚುಕಟ್ಟಾಗಿ.

ಷಟರ್ ಎತ್ತಿದ ಸದ್ದಾಯಿತು. ಅರ್ಪಿತ, ಅವಳ ಹಿಂದೆ ಮಹದೇವಮ್ಮ, ಏದುಸಿರು ಬಿಡುತ್ತಿದ್ದ ಗುರು. ಮುದುಕಿ ಬಸ್ಸು ಹತ್ತದೆ ನಿಲ್ದಾಣದಿಂದಲೇ ಗುರುವಿಗೆ ಫೋನು ಮಾಡಿ ಕರೆಸಿದ್ದಳು.

ನೆಲದ ಮೇಲೆ ಹೊರಳುತ್ತಿದ್ದವನನ್ನು ಕಂಡು ಗುರು ಅಳುತ್ತಾ ಕೂತ. "ಯಾಕ್ ಬಿಚ್ಚುದ್ರಿ ಅಮೃತಣ್ಣ. ನಿಮ್ಮ ಬೆಳ್ಳು ನೋಡ್ದಾಗೆಲ್ಲ ನಂಗೆ ಕಿಚ್ಚಾಗದು. ನಿಮ್ಗೆ ತಗಲಬಾರ್ದು ಅಂತ್ಲೇ ಅದ ಕಟ್ಟಿ ಮುಚ್ಚಿದ್ದೆ."

"ಕೈಕೆಲ್ಸದೋರ್ಗೆ ಕಿಚ್ಚು ಬಂದೇ ಬತ್ತದೆ" ಎಂದಳು ಮಹದೇವಮ್ಮ. "ಬಂದೋನೇ ತನ್ನ ಉಗುರಿಟ್ಟು ಏಳು ಗಂಟಾಕಿ ಅದರ ಮ್ಯಾಲೆ ಎಣೀಬೇಕು. ಬ್ಯಾರೇರು ಕಟ್ಟುದ್ರೆ ನಿಲ್ಲಕಿಲ್ಲ. ಕಟ್ಟು ಗುರು, ಬೇಗ ಕಟ್ಟು."

ಗುರು ಒಂದೊಂದೇ ಎಳೆಯನ್ನು ಉಗುರಿನ ಕೆಳಗಿಂದ ಎಳೆದು, ಗಂಟು ಹಾಕಿ, ಮೇಲೆ ಹೊಸ ಹಗ್ಗ ಹೆಣೆದ. ಅಮೃತೇಶನ ಜೀವ ಉಳಿಯಿತು. ಹೆಬ್ಬೆರಳು ಬಿಟ್ಟು ಉಳಿದ ಎಂಟು ಬೆರಳುಗಳು ಮಾತ್ರ ಸಿಪ್ಪೆ ಸುಲಿದ ಕಡ್ಡಿಯ ಹಾಗೆ ಬಿಳಿಚಿ, ಸೆಟೆದು ನಿಂತವು. ಡಾಕ್ಟರು ನರದ ತೊಂದರೆ ಎಂದರು. ಅವು ಮತ್ತೆ ಬಾಗಲಿಲ್ಲ.

ಮಳಿಗೆ ಮುಚ್ಚುವಂತಿರಲಿಲ್ಲ. ಅರ್ಪಿತ ಕಲಿಯಲು ಕೂತಳು. ಅವನು ಬಾಯಲ್ಲಿ ಹೇಳಿಕೊಟ್ಟ, ಅವಳು ಹೆಣೆದಳು. ಮೂರನೆಯ ತಿಂಗಳು ಅವಳ ಮೊದಲ ಚಾಟಿ ಮುಗಿಯಿತು. ಹಿತ್ತಲಿಗೆ ಹೋಗಿ ಬೀಸಿದಳು.

ಚಟೀರ್ ಎಂದಿತು. ಪಕ್ಕದ ಮನೆಯ ನಾಯಿ ಬೊಗಳುತ್ತಾ ಓಡಿತು. ಅರ್ಪಿತ ಬೆವೆತ ಮುಖದಲ್ಲಿ ನಗುತ್ತಾ ಗಂಡನತ್ತ ತಿರುಗಿದಳು.

"ಚೆನ್ನಾಗಿದೆ" ಎಂದ ಅಮೃತೇಶ್. ಹೊಟ್ಟೆಯಲ್ಲಿ ಮತ್ತೆ ಮೆಣಸಿನಕಾಯಿ ಅರೆದಂತಾಗಿತ್ತು.

ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಅವಳು ಒಳಗೆ ಹೋದ ಮೇಲೆ ಕಸದ ಬುಟ್ಟಿಯನ್ನು ಮೊಣಕೈಯಿಂದ ಬೀಳಿಸಿ ಏಳು ಎಳೆಗಳನ್ನು ಎದುರಿಗಿಟ್ಟುಕೊಂಡ. ಎರಡು ಹೆಬ್ಬೆರಳುಗಳ ನಡುವೆ ಹಿಡಿದ, ಜಾರಿತು. ಹಲ್ಲಿನಲ್ಲಿ ಕಚ್ಚಿ ಎಳೆದ, ಗಂಟು ನಿಲ್ಲಲಿಲ್ಲ. ಕತ್ತಲಾಗುವ ತನಕ ಎಂಜಲು ಸುರಿಸಿಕೊಂಡು ಒದ್ದಾಡಿದ. ಒಂದು ಗಂಟೂ ಬೀಳಲಿಲ್ಲ. ಅವಳಿಗೆ ಹೇಳಿಬಿಡಲೇ ಎಂದುಕೊಂಡ. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಎಂದು ಯಾವ ಬಾಯಲ್ಲಿ ಹೇಳುವುದು? ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅರ್ಪಿತ ಕಾಫಿ ತಂದು, ಅವನ ಬಾಯಿಗೆ ಹಿಡಿಯುವ ಮುಂಚೆ ತನ್ನ ತೋರುಬೆರಳನ್ನು ಬೆಳಕಿಗೆ ಹಿಡಿದಳು.

"ರೀ, ಇಲ್ನೋಡಿ. ಉಗುರಿನ ಕೆಳಗೆ ಏನೋ ಬಿಳಿ ದಾರ ಸಿಕ್ಕಿಕೊಂಡಿದೆ. ಎಳೆದ್ರೆ ಒಳಗೆ ಹೋಗುತ್ತೆ."